ಹಾಜರಿ ಎಣಿಸಿದ ಫೆಬ್ರವರಿ

ನಾನು ಪುಕ್ಕಲು ಸ್ವಭಾವದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕೌನ್ಸಿಲ್‌ಗೆ ಅಂದರೆ ಇಲ್ಲಿನ ನಗರಸಭೆಗೆ, ಆರಿಸಿ ಬಂದವಳು ಎಂದ ಕೂಡಲೇ ಜನ ನನ್ನನ್ನು ಗಟ್ಟಿಗಿತ್ತಿ ಅಂದುಕೊಳ್ಳುತ್ತಾರೆ. ನಾಟಿಂಗ್‌ಹ್ಯಾಮಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಊರಿನ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ನಮ್ಮ ಕ್ಷೇತ್ರದಲ್ಲಿ ಹೇಗೂ ಸೋಲುತ್ತೇವೆ, ಹೆಸರಿಗೆ ಒಬ್ಬರು ನಿಂತರೆ ಸಾಕು ಎಂದು ಪಕ್ಷದವರು ನನ್ನನ್ನು ನಿಲ್ಲಿಸಿದರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ಚುನಾವಣೆಗೆ ನಿಲ್ಲಬಹುದು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಗೆದ್ದುಬಿಟ್ಟೆ. ಮೈಸೂರಿನಲ್ಲಿದ್ದ ನಮ್ಮಣ್ಣ ಫೋನಿನಲ್ಲಿ, "ಇನ್ಮೇಲೆ ಬೀದಿ ಲೈಟಿಗೆ ಬಲ್ಬ್ ಹಾಕ್ಸೋಕೆ ನಿನ್ನ ಹತ್ರಾನೇ ಬರ್ತಾರಾ?" ಎಂದು ನಕ್ಕ. ಬಲ್ಬು ಹಾಕಿಸುವುದಷ್ಟೇ ಆಗಿದ್ದರೆ ನಾನು ಸುಖವಾಗಿರುತ್ತಿದ್ದೆ.

ಆ ಕೌನ್ಸಿಲ್‌ನಲ್ಲಿ ಯಾರಿಗೂ ಬಹುಮತವಿರಲಿಲ್ಲ. ಆಳುತ್ತಿದ್ದವರದು ಅಲ್ಪಮತದ ಆಡಳಿತ. ನಮ್ಮದೊಂದು, ಇನ್ನೊಂದು, ಹೀಗೆ ಎರಡು ವಿರೋಧ ಪಕ್ಷಗಳು. ಎರಡೂ ಸೇರಿದರೆ ಆಳುವವರಿಗೆ ಸರಿಸಮ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಓಟು ಸಮವಾಗಿ ಬಿದ್ದರೆ ಮೇಯರ್ ಇನ್ನೊಂದು ಓಟು ಹಾಕಿ ತೀರ್ಮಾನಿಸಬೇಕು, ಮೇಯರ್ ಅವರ ಪಕ್ಷದವರು. ಅಂದರೆ ಅವರ ಕಡೆಯ ಒಬ್ಬರಾದರೂ ಸಭೆಗೆ ಬಾರದಿದ್ದರೆ ಮಾತ್ರ ನಾವು ಗೆಲ್ಲಬಹುದು. ಅದಕ್ಕೂ ವಿರೋಧ ಪಕ್ಷಗಳೆರಡೂ ಒಂದಾಗಬೇಕು. ಅವುಗಳದೋ ಎಣ್ಣೆ ಸೀಗೆಕಾಯಿ ಸಂಬಂಧ.

ನಮ್ಮ ಗುಂಪಿನ ಹಾಜರಿ, ಓಟು, ಶಿಸ್ತು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಸಚೇತಕಿ ಅರವತ್ತು ದಾಟಿದ ಹೆಂಗಸು. ಹುಟ್ಟಿದ್ದು ಕೆನಡಾದಲ್ಲಿ. ಹರೆಯದಲ್ಲಿ ಒಟ್ಟಾವಾದ ಸಂಸತ್ತಿನಲ್ಲಿ ಒಂದು ವಿರೋಧ ಪಕ್ಷದ ಕಚೇರಿಯಲ್ಲಿ ಕೆಲಸ ಮಾಡಿದ್ದರು. ಅಲ್ಲಿಯೂ ಆಗ ಅಲ್ಪಮತದ ಸರ್ಕಾರವಂತೆ. "ಸರ್ಕಾರವನ್ನ ನಾವೆಲ್ಲರೂ ಗಂಟಲು ಹರಿಯೋ ಹಾಗೆ ಬೈತಿದ್ವಿ. ಆದರೆ ಓಟಿನ ದಿನ ನಮ್ಮಲ್ಲಿ ಎಷ್ಟು ಜನಕ್ಕೆ ನೆಗಡಿಯಾಗಬೇಕು ಅಂತ ಮೊದಲೇ ಎಣಿಸಿಟ್ಟಿರ್ತಿದ್ವಿ" ಎನ್ನುತ್ತಿದ್ದರು. ಸರ್ಕಾರ ಬಿದ್ದರೆ ಚುನಾವಣೆ, ಚುನಾವಣೆಗೆ ಇವರೇ ತಯಾರಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಟ್ಟಾವಾದಿಂದ ಅವರು ಹೊತ್ತು ತಂದ ಪಾಠ ಒಂದೇ: ಗೆಲ್ಲುವ ಖಾತ್ರಿಯಿಲ್ಲದೆ ಆಳುವವರ ಮೇಲೆ ಕೈ ಎತ್ತಬಾರದು, ಎತ್ತಿ ಸೋತರೆ ಜೊತೆಗೆ ಬಂದವನು ಇನ್ನೊಮ್ಮೆ ಬರುವುದಿಲ್ಲ. ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಪ್ರತಿ ಸಭೆಗೂ ಎದುರು ಪಕ್ಷದ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಅವರ ಮೇಲೆ ನನಗೆ ಪ್ರೀತಿ ಇತ್ತು. ಸಭೆ ಮುಗಿದ ಮೇಲೆ ತಮ್ಮ ಕಾರಿನಲ್ಲಿ ನನ್ನನ್ನು ಮನೆಗೆ ಬಿಡುತ್ತಿದ್ದವರು ಅವರೇ.

ಆ ವರ್ಷದ ಬಜೆಟ್ಟಿನಲ್ಲಿ ಆಳುವವರು ನಮ್ಮ ಕ್ಷೇತ್ರದ ವೃದ್ಧರ ಹಗಲು ಕೇಂದ್ರವನ್ನು ಮುಚ್ಚುವುದೆಂದು ಬರೆದರು. ನಮ್ಮ ಪಕ್ಕದ ಮನೆಯ ಯಜಮಾನರು ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗುತ್ತಿದ್ದರು. ಅವರಿಗೆ ಮರೆವಿನ ಕಾಯಿಲೆ. ಹೆಂಡತಿಗೆ ಎಪ್ಪತ್ತಾರು ವರ್ಷ. ಆ ಎರಡು ದಿನ ಮಾತ್ರ ಆಕೆ ಅಂಗಡಿಗೆ ಹೋಗುವುದು, ಸ್ನಾನವನ್ನು ಅವಸರವಿಲ್ಲದೆ ಮಾಡುವುದು, ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚುವುದು. ಚುನಾವಣೆಯಲ್ಲಿ ನನ್ನ ಕರಪತ್ರಗಳನ್ನು ಮನೆ ಮನೆಗೆ ಹಾಕಿದ್ದು ಆಕೆಯೇ, ಮಂಡಿನೋವು ಇಟ್ಟುಕೊಂಡು. ಬೇಲಿಯ ಆಚೆಯಿಂದ ಕರೆದು, "ಅದನ್ನ ಮುಚ್ಚೋಕೆ ಬಿಡಬೇಡ, ಡಕ್. ಅದಿಲ್ಲದೆ ನಾನು ಬದುಕಿ ಉಳಿಯಲ್ಲ" ಎಂದರು. ಆ ಕಡೆಯವರು ಎಲ್ಲರನ್ನೂ ಪ್ರೀತಿಯಿಂದ ಡಕ್ ಎನ್ನುತ್ತಾರೆ. ಬಂದ ಹೊಸತರಲ್ಲಿ, ಇವರು ಯಾಕೆ ನನ್ನನ್ನು ಬಾತುಕೋಳಿ ಮಾಡಿದರು ಎಂದು ನನಗೆ ಸಿಟ್ಟು ಬಂದಿತ್ತು. ಈಗ ಆ ಪದಕ್ಕೆ ಇಲ್ಲ ಅನ್ನಲಾಗಲಿಲ್ಲ. ಬಿಡುವುದಿಲ್ಲ ಎಂದು ಮಾತು ಕೊಟ್ಟೆ.

ದಾರಿ ಒಂದಿತ್ತು. ಬಜೆಟ್ಟಿಗೆ ಒಂದು ತಿದ್ದುಪಡಿ: ಕೌನ್ಸಿಲ್ ಮನೆ ಮನೆಗೆ ಹಂಚುವ ಬಣ್ಣದ ಪತ್ರಿಕೆಯನ್ನು ನಿಲ್ಲಿಸಿ, ಕೇಂದ್ರ ಉಳಿಸಿ. ಅದನ್ನು ಸಭೆಯ ಹಿಂದಿನ ದಿನ ಮಧ್ಯಾಹ್ನ ಹನ್ನೆರಡರೊಳಗೆ ಬರೆದು ಕೊಡಬೇಕು, ತಡವಾದರೆ ಇಲ್ಲ. ಇನ್ನೊಂದು ವಿರೋಧ ಪಕ್ಷದವರು ಓಟು ಹಾಕಲು ಒಪ್ಪಿದರು, ಆದರೆ ಗೆಲ್ಲುವುದು ಖಾತ್ರಿಯಾದರೆ ಮಾತ್ರ. ಅವರ ಕ್ಷೇತ್ರದ ಈಜುಕೊಳ ರಿಪೇರಿ ಮಾಡಿಸುತ್ತೇವೆ ಎಂದು ಆಳುವವರು ಒಳಗೊಳಗೇ ಹೇಳಿದ್ದರು. ನಮ್ಮ ಜೊತೆ ಕೈ ಎತ್ತಿ ಸೋತರೆ ಈಜುಕೊಳವೂ ಹೋಯಿತು. ಹಾಗಾಗಿ ಎಲ್ಲವೂ ಸಚೇತಕಿಯ ನೋಟ್‌ಬುಕ್ಕಿಗೆ ಬಂದು ನಿಂತಿತು. ಎದುರು ಕಡೆಯಲ್ಲಿ ಒಬ್ಬರು, ಒಬ್ಬರೇ ಒಬ್ಬರು ಬಾರದಿದ್ದರೆ ಸಾಕಿತ್ತು.

ಸಭೆಗೆ ಒಂಬತ್ತು ದಿನ ಇರುವಾಗ, ಒಂದು ಸೋಮವಾರ ಬೆಳಿಗ್ಗೆ, ಆಸ್ಪತ್ರೆಯ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ರೋಗಿಗಳ ಔಷಧದ ಪಟ್ಟಿ ಪರೀಕ್ಷಿಸುತ್ತಿದ್ದೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಆಳುವ ಪಕ್ಷದ ಒಬ್ಬ ಕೌನ್ಸಿಲರ್ ಮಲಗಿದ್ದರು. ನಾನು ಸಭೆಯಲ್ಲಿ ಮೊದಲ ಸಲ ಎದ್ದು ಮಾತನಾಡಿದಾಗ, "ಜೋರಾಗಿ ಹೇಳಮ್ಮಾ, ಇಲ್ಲಿಯವರೆಗೆ ಬರ್ತಿಲ್ಲ!" ಎಂದು ಕೂಗಿ ಎಲ್ಲರನ್ನೂ ನಗಿಸಿದ ಮನುಷ್ಯ. ಈಗ ಹಲ್ಲಿನ ಸೆಟ್ಟು ತೆಗೆದಿಟ್ಟು ಕೆನ್ನೆ ಒಳಗೆ ಹೋಗಿತ್ತು.

"ನೀವಾ?" ಎಂದರು.

"ಹೌದು. ಇಲ್ಲಿ ನಾನು ಔಷಧ ನೋಡುವವಳು, ಅಷ್ಟೇ" ಎಂದೆ.

ಅವರು ಹೊದಿಕೆಯನ್ನು ಎರಡೂ ಕೈಯಲ್ಲಿ ಗದ್ದದವರೆಗೆ ಎಳೆದುಕೊಂಡರು. ನಾನು ಅವರ ಔಷಧದ ಪಟ್ಟಿ ತೆಗೆದು ಓದಿದೆ. ಆ ಪಟ್ಟಿ ಓದಲು ಬರುವ ಯಾರಿಗಾದರೂ ಗೊತ್ತಾಗುತ್ತಿತ್ತು, ಈ ಮನುಷ್ಯ ಎರಡು ವಾರ ಹಾಸಿಗೆ ಬಿಟ್ಟು ಏಳುವುದಿಲ್ಲ. ನಮಗೆ ಬೇಕಾಗಿದ್ದ ಆ ಒಬ್ಬರು ಇವರೇ.

ನೇರವಾಗಿ ನನ್ನ ಮೇಲಧಿಕಾರಿಯ ಹತ್ತಿರ ಹೋಗಿ, ಆ ರೋಗಿ ನನಗೆ ಕೌನ್ಸಿಲ್‌ನಿಂದ ಪರಿಚಯ, ಬೇರೆ ವಾರ್ಡು ಕೊಡಿ ಎಂದು ಕೇಳಿದೆ. ಜ್ವರದ ಕಾಲ, ನಮ್ಮಲ್ಲೇ ಇಬ್ಬರು ರಜೆಯಲ್ಲಿದ್ದರು. ಆಕೆ ಗೋಡೆಯ ಮೇಲಿನ ಪಾಳಿಯ ಪಟ್ಟಿ ತೋರಿಸಿ, "ಯಾರನ್ನ ಹಾಕಲಿ? ನಿಯಮ ನಿಮಗೆ ಗೊತ್ತೇ ಇದೆಯಲ್ಲ" ಎಂದರು. ಗೊತ್ತಿತ್ತು. ರೋಗಿ ಆಸ್ಪತ್ರೆಯಲ್ಲಿದ್ದಾನೆ ಎನ್ನುವುದನ್ನೂ ಹೊರಗೆ ಹೇಳುವಂತಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಮತ್ತೆಲ್ಲೂ ಸಿಗುವುದಿಲ್ಲ. ನನ್ನಂಥ ಮುಸಲ್ಮಾನ ಹೆಸರಿನವರು ಇಲ್ಲಿ ತಪ್ಪು ಮಾಡಿದರೆ ಆ ತಪ್ಪು ಒಬ್ಬರದಾಗಿ ಉಳಿಯುವುದೂ ಇಲ್ಲ. ಮಗಳು ಶಾಲೆಯಲ್ಲಿ ಅದನ್ನು ಹೊರಬೇಕಾಗುತ್ತದೆ. ಇದೆಲ್ಲ ಭಯದ ಮಾತಾಯಿತು. ಭಯವಿಲ್ಲದಿದ್ದರೂ ಹೇಳುತ್ತಿರಲಿಲ್ಲ ಎಂದು ನಂಬಲು ನನಗೆ ಇಷ್ಟ, ಆದರೆ ಅಷ್ಟು ಧೈರ್ಯವಾಗಿ ಹೇಳಲಾರೆ.

ಆ ಒಂಬತ್ತು ದಿನ ಗಂಟಲಲ್ಲಿ ಬಿಸಿ ತುಪ್ಪ. ಅವರ ಪಕ್ಷದವರು, ಆತ ಮಗಳ ಮನೆಗೆ ಹೋಗಿದ್ದಾರೆ, ಬುಧವಾರದ ಸಭೆಗೆ ಬಂದೇ ಬರುತ್ತಾರೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ನಾನು ಪ್ರತಿ ಬೆಳಿಗ್ಗೆ ಅವರ ರಕ್ತ ತೆಳುವಾಗಿಸುವ ಔಷಧದ ಪ್ರಮಾಣ ನೋಡಿ ಸಹಿ ಹಾಕಿದೆ. ಒಂದು ದಿನ, ಅದನ್ನು ಎರಡು ಸಲ ಅಲ್ಲ, ನಾಲ್ಕು ಸಲ ಪರೀಕ್ಷಿಸಿದೆ. ಇವರಿಗೇನಾದರೂ ಆದರೆ ನಾನೇ ಬೇಕಂತ ಮಾಡಿದೆ ಅನ್ನುತ್ತಾರೆ ಎಂಬ ಹುಚ್ಚು ಹೆದರಿಕೆ. ಬಸ್ಸಿನಲ್ಲಿ ಯಾರಾದರೂ ಕೌನ್ಸಿಲ್ ಎಂದರೆ ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಏನೂ ಕದಿಯದ ನಾನು ದಿನಕ್ಕೆ ಹತ್ತು ಸಲ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ನಮ್ಮ ಮನೆಯ ಮಾತು ದಖನಿ ಉರ್ದು, ಜಗಳಕ್ಕೆ ಮಾತ್ರ ಕನ್ನಡ. ಗಂಡ ಒಂದು ಸಂಜೆ ಕನ್ನಡದಲ್ಲೇ, "ಯಾಕೆ ಹಿಂಗಾಡ್ತಿದೀಯ? ಸಾರಿಗೆ ಉಪ್ಪಿಲ್ಲ, ಕರೆದ್ರೆ ಓ ಅನ್ನಲ್ಲ" ಎಂದರು. ಅವರಿಗೂ ಹೇಳುವಂತಿರಲಿಲ್ಲ. ಹನ್ನೊಂದು ವರ್ಷದ ಮಗಳು ತಟ್ಟೆಯಿಂದ ತಲೆ ಎತ್ತದೆ, "ಅಮ್ಮಿ, ಯು ಲುಕ್ ಗಿಲ್ಟಿ" ಎಂದಳು. ನಾನು ಅವಳ ಮೇಲೆ ರೇಗಿದೆ.

ಸಭೆಯ ಹಿಂದಿನ ದಿನ, ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಸಚೇತಕಿ ಆಸ್ಪತ್ರೆಯ ಕ್ಯಾಂಟೀನಿಗೇ ಬಂದರು. ಎರಡು ಕಪ್ ಟೀ ತಂದಿಟ್ಟು ನೋಟ್‌ಬುಕ್ ಬಿಚ್ಚಿದರು. ಎದುರು ಪಕ್ಷದ ಎಲ್ಲ ಹೆಸರಿಗೂ ಗುರುತು ಬಿದ್ದಿತ್ತು, ಒಂದನ್ನು ಬಿಟ್ಟು.

"ಅವರ ಹೆಂಡತಿಯನ್ನ ಇಲ್ಲಿನ ಕಾರ್ ಪಾರ್ಕಿನಲ್ಲಿ ಯಾರೋ ನೋಡಿದರಂತೆ. ಅವರು ಇಲ್ಲಿದ್ದಾರಾ?"

ಇಂಥ ಪ್ರಶ್ನೆಗೆ ನಮಗೆ ಕಲಿಸಿದ ಉತ್ತರ ಒಂದೇ: ಹೇಳುವಂತಿಲ್ಲ. ಸಾವಿರ ಸಲ ಹೇಳಿದ ಮಾತು. ಆದರೆ ಅಂದು ಆ ಮಾತೇ ಉತ್ತರವಾಗಿಬಿಡುತ್ತಿತ್ತು. ಅವರು ಇಲ್ಲಿಲ್ಲದಿದ್ದರೆ ನಾನು ಇಲ್ಲ ಎಂದುಬಿಡದೆ ಹೇಳುವಂತಿಲ್ಲ ಎಂದು ಯಾಕೆ ತೇಲಿಸಬೇಕು? ಒಟ್ಟಾವಾದಲ್ಲಿ ಪಳಗಿದ ಹೆಂಗಸಿಗೆ ಅಷ್ಟು ತಿಳಿಯದೆ? ಅತ್ತ ದರಿ, ಇತ್ತ ಪುಲಿ.

"ನನಗೆ ಗೊತ್ತಿಲ್ಲ" ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ, "ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಅವರು ಇಲ್ಲಿದ್ದರೆ ಆ ಕಪ್ ಎತ್ತಿ ಒಂದು ಗುಟುಕು ಕುಡಿಯಿರಿ. ನೀವು ಟೀ ಕುಡಿದಿರಿ, ನಾನು ನೋಡಿದೆ, ಅಷ್ಟೇ. ನಾನು ಎದ್ದು ಹೋಗಿ ತಿದ್ದುಪಡಿ ಕೊಡ್ತೀನಿ. ನಿಮ್ಮ ಕೇಂದ್ರ ಉಳಿಯುತ್ತೆ" ಎಂದರು.

ನಾಲಗೆ ಅಂಗುಳಿಗೆ ಅಂಟಿತ್ತು. ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ. ನನ್ನ ಕೈಯ ಮೇಲೆ ನನಗೇ ನಂಬಿಕೆಯಿಲ್ಲದೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟು ಕುಳಿತೆ, ಹೋಂವರ್ಕ್ ಮಾಡದ ಹುಡುಗಿಯಂತೆ. ಪಕ್ಕದ ಮನೆಯ ಹೆಂಗಸಿನ ಮುಖ ಕಣ್ಣ ಮುಂದೆ ಬಂತು. ಎತ್ತಿಬಿಡು, ಟೀ ತಾನೇ, ಎಂದು ಒಳಗೆ ಯಾರೋ ಹೇಳಿದರು. ಅದೇ ಹೊತ್ತಿಗೆ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಹೊದಿಕೆ ಎಳೆದುಕೊಂಡ ಕೈಗಳೂ ಕಂಡವು. ಟೀಯ ಮೇಲೆ ತೆಳ್ಳಗೆ ಕೆನೆ ಕಟ್ಟಿತು. ಹನ್ನೊಂದೂ ನಲವತ್ತಕ್ಕೆ ಅವರು ನೋಟ್‌ಬುಕ್ ಮುಚ್ಚಿ, ಫೋನಿನಲ್ಲಿ ಯಾರಿಗೋ, "ಎಲ್ಲರೂ ಬರ್ತಾರೆ. ತಿದ್ದುಪಡಿ ಬೇಡ" ಎಂದರು.

ಬುಧವಾರ ಮಧ್ಯಾಹ್ನ ಎರಡಕ್ಕೆ ಸಭೆ. ಎದುರಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ. ಆಳುವ ಪಕ್ಷದ ನಾಯಕ ಎದ್ದು, ತಮ್ಮ ಸದಸ್ಯರೊಬ್ಬರು ಒಂಬತ್ತು ದಿನದಿಂದ ಆಸ್ಪತ್ರೆಯಲ್ಲಿದ್ದಾರೆ, ಬೇಗ ಗುಣವಾಗಲೆಂದು ಎಲ್ಲರೂ ಹಾರೈಸಬೇಕು ಎಂದರು. ತಿದ್ದುಪಡಿಯ ಗಡುವು ಮುಗಿದಿತ್ತು, ಆಗ ಹೇಳಿದರೆ ನಷ್ಟವಿರಲಿಲ್ಲವಲ್ಲ! ಸಚೇತಕಿ ನನ್ನಿಂದ ಎರಡು ಕುರ್ಚಿ ಆಚೆ ಕುಳಿತಿದ್ದರು. ಅವರ ಕತ್ತು ನಿಧಾನವಾಗಿ ನನ್ನ ಕಡೆ ತಿರುಗುವುದು ನನಗೆ ನೋಡದೆಯೇ ಗೊತ್ತಾಯಿತು. ಇಡೀ ಬಜೆಟ್ಟನ್ನೇ ಬೀಳಿಸಬಹುದಿತ್ತು, ಆದರೆ ಬೀಳಿಸಿದರೆ ಆಡಳಿತ ನಮ್ಮ ಕೊರಳಿಗೆ ಬೀಳುತ್ತಿತ್ತು. ಅದು ಎರಡೂ ವಿರೋಧ ಪಕ್ಷಗಳಿಗೆ ಬೇಡವಾಗಿತ್ತು. ಪದ್ಧತಿಯಂತೆ ಗಂಟಲು ಹರಿಯುವಷ್ಟು ಬೈದೆವು. ಓಟಿನ ಹೊತ್ತಿಗೆ ಕೈ ಎತ್ತದೆ ಕುಳಿತೆವು.

ಅವತ್ತೂ ಅವರು ನನ್ನನ್ನು ಕಾರಿನಲ್ಲಿ ಬಿಟ್ಟರು. ಬೈದುಬಿಡಲಿ ಎಂದು ದಾರಿಯಿಡೀ ಕಾದೆ. ನಮ್ಮ ಮನೆಯ ಮುಂದೆ ನಿಲ್ಲಿಸಿ, "ಆ ಪ್ರಶ್ನೆ ನಾನು ಕೇಳಬಾರದಿತ್ತು" ಎಂದರು. ನಾನು ಇಳಿದು ಬಾಗಿಲು ಮುಚ್ಚುವಷ್ಟರಲ್ಲಿ, "ಆದರೂ ನೀವು ಕಪ್ ಎತ್ತಬೇಕಿತ್ತು" ಎಂದರು. ಎರಡನ್ನೂ ಮನಸ್ಸಿನಿಂದಲೇ ಹೇಳಿದ್ದರು.

ಏಪ್ರಿಲ್‌ನಲ್ಲಿ ಕೇಂದ್ರ ಮುಚ್ಚಿತು. ಪಕ್ಕದ ಮನೆಯ ಹೆಂಗಸು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಿನ್ನ ಕೈಲಾದದ್ದು ಮಾಡಿದೆ, ಡಕ್, ಎಂದು ನನಗೇ ಸಮಾಧಾನ ಹೇಳಿದರು. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬಾಗಿಲು ತಟ್ಟಿ, ತಮ್ಮ ಎದೆನೋವಿಗೆ ಜಿಪಿ ಡಾಕ್ಟರ ಹತ್ತಿರ ಹೋಗಬೇಕು, ಒಂದು ಗಂಟೆ ಗಂಡನ ಜೊತೆ ಕೂರುತ್ತೀಯಾ ಎಂದು ಕೇಳಿದರು. ಹೋದೆ. ಯಜಮಾನರು ಕೋಟು ಹಾಕಿ, ಟೋಪಿ ಇಟ್ಟು, ಬೀದಿ ಕಾಣುವ ಕಿಟಕಿಯ ಮುಂದೆ ಕುಳಿತಿದ್ದರು.

"ಕೇಂದ್ರದ ವ್ಯಾನಿಗೆ ಕಾಯ್ತಿದ್ದಾರೆ. ಬರುತ್ತೆ ಅಂದುಬಿಡು. ನಿಜ ಹೇಳಿದರೆ ಪ್ರತಿ ಸಲವೂ ಹೊಸದಾಗಿ ಅಳ್ತಾರೆ" ಎಂದು ಹೆಂಡತಿ ಪಿಸುಗುಟ್ಟಿ ಹೊರಟರು.

"ವ್ಯಾನ್ ತಡವಾಯ್ತಲ್ಲ?" ಎಂದರು ಅವರು.

"ಬರುತ್ತೆ" ಎಂದೆ.

ಹತ್ತು ನಿಮಿಷಕ್ಕೆ ಮತ್ತೆ ಕೇಳಿದರು. ಮತ್ತೆ ಅದನ್ನೇ ಹೇಳಿದೆ. ನಾನು ನಿಂತೇ ಇರುವುದನ್ನು ನೋಡಿ, ಪಕ್ಕದ ಕುರ್ಚಿಯನ್ನು ತಮ್ಮತ್ತ ಎಳೆದು ತಟ್ಟಿ, "ಕೂತ್ಕೊಳ್ಳಿ. ಯಾಕೆ ಹೆದರಿದ್ದೀರಿ? ವ್ಯಾನಿನಲ್ಲಿ ನಿಮಗೂ ಜಾಗ ಇರುತ್ತೆ" ಎಂದರು. ಕುಳಿತೆ. ಅವರು ಮತ್ತೆ ಕೇಳುವ ಮೊದಲು ಆ ಹೆಂಗಸು ಬಂದುಬಿಡಲಿ ಎಂದು, ನಾನೂ ಬೀದಿಯನ್ನೇ ನೋಡತೊಡಗಿದೆ.