ಡಬ್ಬಿಯೊಳಗಿದ್ದ ಕರಿ ಐದು

ರಾಯಚೂರಿನ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ನಾನು ಹಾಡುವಂತಿಲ್ಲ. ಮದುವೆಯಾದ ಮೊದಲ ವರ್ಷವೇ ಅತ್ತೆ ನನ್ನ ಕಂಠ ಕೇಳಿ, ‘ನೀ ತಾಳ ಹಾಕು’ ಅಂದರು. ಎರಡನೇ ವರ್ಷ ತಾಳವನ್ನೂ ಕೈಯಿಂದ ಇಸಿದುಕೊಂಡರು. ಆಮೇಲೆ ಬಹಳ ವರ್ಷ ಪ್ರಸಾದದ ಡಬರಿ ಹೊರುವುದೇ ನನ್ನ ಸಂಗೀತ ಸೇವೆಯಾಗಿತ್ತು. ಈಗ ಬಡ್ತಿ ಸಿಕ್ಕು ಲ್ಯಾಪ್‌ಟಾಪ್ ನೋಡಿಕೊಳ್ಳುತ್ತೇನೆ.

ಈ ಲ್ಯಾಪ್‌ಟಾಪನ್ನು ಮೊದಲು ನನ್ನ ಗಂಡ ಬಳಸಿದರು, ನಂತರ ಮಗಳು ಬಳಸಿದಳು, ಇಬ್ಬರಿಗೂ ಬೇಡವಾದ ಮೇಲೆ ನನಗೆ ಬಂತು. ಬ್ಯಾಟರಿ ಸತ್ತು ಯಾವುದೋ ಕಾಲವಾಯಿತು, ವೈರ್ ಕಿತ್ತರೆ ಕಣ್ಣು ಮುಚ್ಚುತ್ತದೆ. ಮೂರು ಯುಎಸ್‌ಬಿ ಕಿಂಡಿಗಳಲ್ಲಿ ಒಂದು ಮಾತ್ರ ಹೇಳಿದ ಮಾತು ಕೇಳುತ್ತದೆ. ಒಳಗೆ ಒಂದು ಹಾಡು ಹೆಚ್ಚಿಗೆ ಹಾಕಿದರೂ ಜಾಗವಿಲ್ಲವೆಂದು ಗೊಣಗುತ್ತದೆ. ಹಾಗಾಗಿ ಹಾಡುಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೇನೆ. ಅಂಥವು ಎರಡಿವೆ, ಒಂದು ಕಪ್ಪು, ಒಂದು ನೀಲಿ. ಅತ್ತೆ ಎರಡನ್ನೂ ಡಬ್ಬಿ ಎನ್ನುತ್ತಾರೆ, ಆದರೆ ನಂಬುವುದು ಕಪ್ಪನ್ನು ಮಾತ್ರ. ನೀಲಿ ಹೊಸದಂತೆ, ಅದಕ್ಕಿನ್ನೂ ಪದಗಳ ರೂಢಿಯಾಗಿಲ್ಲವಂತೆ.

ಹಾಡುಗಳೆಂದರೆ ಬರೀ ವಾದ್ಯ. ನಮ್ಮ ಮಂಡಳಿಗೆ ತಬಲಾ ನುಡಿಸುತ್ತಿದ್ದ ಹಿರಿಯರಿಗೆ ಮೊಣಕಾಲು ಮಡಚಿ ಕೂರುವುದು ಆಗದಂತಾಯಿತು. ಬಿಡುವ ಮುಂಚೆ ಅವರು ಹಾರ್ಮೋನಿಯಂನವರೊಬ್ಬರನ್ನು ಕರೆದುಕೊಂಡು ನಮ್ಮ ಮನೆಗೆ ಬಂದು, ನಾವು ಹಾಡುವ ನಲವತ್ತು ದಾಸರ ಪದಗಳಿಗೂ ನುಡಿಸಿ ರೆಕಾರ್ಡ್ ಮಾಡಿಸಿದರು. ಫ್ಯಾನಿನ ಸದ್ದು ಬರುತ್ತದೆಂದು ಫ್ಯಾನ್ ಆರಿಸಿದ್ದೆ. ರಾಯಚೂರಿನ ಏಪ್ರಿಲ್ ತಿಂಗಳು. ನಾಲ್ಕನೇ ಪದದ ಹೊತ್ತಿಗೆ ತಬಲಾದವರು ಅಂಗಿ ಬಿಚ್ಚಿದರು, ಹತ್ತನೆಯದಕ್ಕೆ ಹಾರ್ಮೋನಿಯಂನವರೂ ಬಿಚ್ಚಿದರು. ನಲವತ್ತೂ ಒಂದೇ ಶ್ರುತಿಯಲ್ಲಿದ್ದವು: ಕರಿ ಐದು. ಹಾರ್ಮೋನಿಯಂ ಮೇಲಿನ ಐದನೇ ಕರಿ ಮನೆ ಅದು, ಹೆಂಗಸರಿಗೂ ಎತ್ತರವೇ. ಅತ್ತೆ ಮೂವತ್ತು ವರ್ಷದಿಂದ ಅಲ್ಲಿಯೇ ನಿಂತು ಹಾಡಿದವರು, ಅದು ಅವರ ಮನೆ ವಿಳಾಸವಿದ್ದ ಹಾಗೆ. ಉಳಿದ ಏಳು ಜನ ಅವರ ಹಿಂದೆ ಹತ್ತಬೇಕಿತ್ತು.

ಹಾರ್ಡ್ ಡಿಸ್ಕನ್ನು ಸಂಭಾಳಿಸುವುದನ್ನು ನಾನು ಪೆಟ್ಟು ತಿಂದೇ ಕಲಿತೆ. ದೇವದುರ್ಗದ ಒಂದು ಸಮಾರಂಭದಲ್ಲಿ, ಎರಡು ಪದಗಳ ನಡುವೆ ಯಾರೋ ಎದ್ದು ಅರ್ಧ ತಾಸು ಭಾಷಣ ಮಾಡಿದರು. ಡಿಸ್ಕಿಗೆ ಕೆಲಸವಿಲ್ಲದೆ ಒಳಗಿನ ತಿರುಗಣಿ ನಿಂತುಬಿಟ್ಟಿತ್ತು. ಭಾಷಣ ಮುಗಿದು ಅತ್ತೆ ಬಾಯಿ ತೆರೆದರೆ ವಾದ್ಯ ಬರಲಿಲ್ಲ. ಐದಾರು ಸೆಕೆಂಡು ಅವರು ಬಾಯಿ ತೆರೆದುಕೊಂಡೇ ನನ್ನನ್ನು ನೋಡಿದರು. ಆ ನೋಟ ಇವತ್ತಿಗೂ ಬೆನ್ನಿಗೆ ಚುಚ್ಚುತ್ತದೆ. ‘ಡಬ್ಬಿಗೆ ಜಂಪ ಹತ್ತಿತ್ತರೀ, ಭಾಷಣ ಭಾಳ ಛಲೋ ಇತ್ತಲ್ಲ’ ಎಂದು ಅವರೇ ಮೈಕಿನಲ್ಲಿ ಹೇಳಿ ಮರ್ಯಾದೆ ಉಳಿಸಿದರು. ಅಂದಿನಿಂದ ನಡುವೆ ಯಾರು ಮಾತಿಗೆ ನಿಂತರೂ ಸದ್ದೇ ಇಲ್ಲದ ಒಂದು ಫೈಲನ್ನು ಹಚ್ಚಿಟ್ಟು ಡಿಸ್ಕನ್ನು ಎಚ್ಚರವಿಡುತ್ತೇನೆ. ಮಂಡಳಿಯಲ್ಲಿ ಮೌನ ನುಡಿಸುವ ಕಲಾವಿದೆ ನಾನೊಬ್ಬಳೇ.

ನಾಲ್ಕು ವರ್ಷದ ಹಿಂದೆ ಕಲ್ಮಲದಲ್ಲಿ, ಮೇಲಿನ ಷಡ್ಜಕ್ಕೆ ಹೋಗುವಾಗ ಅತ್ತೆಯ ಧ್ವನಿ ಒಡೆಯಿತು. ಕೆಮ್ಮಿ, ‘ಧೂಳು’ ಅಂದರು. ಮುಂದಿನ ಸಲ ಒಗ್ಗರಣೆಯ ಘಾಟು ಅಂದರು. ಮಸರಕಲ್‌ನಲ್ಲಿ ಧೂಳೂ ಇರಲಿಲ್ಲ, ಒಗ್ಗರಣೆಯೂ ಇರಲಿಲ್ಲ, ಪಾನಕದಲ್ಲಿ ಯಾಲಕ್ಕಿ ಹೆಚ್ಚಾಗಿದೆ ಅಂದರು. ಆ ಸಂಜೆ ಮನೆಯಲ್ಲಿ ನಾನು ಮೆಲ್ಲಗೆ, ‘ಅತ್ಯಾ, ಶ್ರುತಿ ಒಂಚೂರು ಇಳಿಸೋಣೇನ್ರಿ?’ ಅಂದೆ.

‘ಶ್ರುತಿ ಇಳಿದ ದಿನ ನಾ ಹಾಡೂದು ಬಿಟ್ಟೆ ಅಂತ ತಿಳಿ’ ಅಂದರು. ದನಿ ಎತ್ತಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಬೆಳಗ್ಗೆ ಅವರ ಪದ ಕೇಳದೆ ನಮ್ಮ ಮನೆಯಲ್ಲಿ ಹಾಲು ಉಕ್ಕಿದ್ದಿಲ್ಲ. ಅವರು ಹಾಡು ಬಿಟ್ಟು ಗೋಡೆಗೆ ಒರಗಿ ಕೂರುವುದನ್ನು ನೆನೆಸಿಕೊಳ್ಳಲೂ ನನ್ನಿಂದಾಗಲಿಲ್ಲ. ಅವರ ಮೇಲಿನ ಪ್ರೀತಿ, ಜೊತೆಗೆ ಹಾಡಿಲ್ಲದ ಅತ್ತೆ ಇಡೀ ದಿನ ನನ್ನ ಅಡುಗೆಮನೆಯ ಮೇಲೆ ಕಣ್ಣಿಡುತ್ತಾರೆಂಬ ಭಯ, ಎರಡೂ ಸೇರಿ ನನ್ನನ್ನು ಕಳ್ಳಿಯಾಗಿಸಿದವು. ಅವರು ಮಧ್ಯಾಹ್ನ ಮಲಗಿದಾಗ ಒಂದೊಂದೇ ಪದವನ್ನು ಲ್ಯಾಪ್‌ಟಾಪಿಗೆ ಕೊಟ್ಟು ಶ್ರುತಿಯನ್ನು ಒಂದು ಮನೆ ಇಳಿಸಿದೆ. ಆ ಮುದುಕ ಯಂತ್ರ ಒಂದು ಪದಕ್ಕೆ ನಾನು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ನಲವತ್ತು ಪದ, ನಲವತ್ತು ಚಹಾ. ಇಳಿಸಿದ್ದನ್ನು ಕಪ್ಪು ಡಿಸ್ಕಿಗೆ ಹಾಕಿದೆ, ಮೂಲದ್ದನ್ನು ನೀಲಿಯಲ್ಲಿ ಬಿಟ್ಟೆ. ಎರಡರಲ್ಲೂ ಫೋಲ್ಡರಿನ ಹೆಸರು ಕರಿ ಐದು.

ಪ್ರತಿ ಸಲ ಶುರುವಾಗುವ ಮುಂಚೆ ಅತ್ತೆ ಕೇಳುತ್ತಿದ್ದರು: ‘ಕರಿ ಐದ ಅದ ಅಲ್ಲ?’ ನಾನು ಪರದೆ ನೋಡಿ, ‘ಕರಿ ಐದು ಅಂತನ ಬರದದರಿ’ ಎನ್ನುತ್ತಿದ್ದೆ. ಅವರ ಧ್ವನಿ ಒಡೆಯುವುದು ನಿಂತಿತು. ‘ಈ ವಯಸ್ಸಿನ್ಯಾಗೂ ನನ್ನ ಶ್ರುತಿ ಇಳದಿಲ್ಲ’ ಎಂದು ಅವರು ಕಂಡವರಿಗೆಲ್ಲ ಹೇಳಿಕೊಂಡು ಬಂದರು. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಇಳಿಸಿದ ಪದಗಳನ್ನು ನೀಲಿ ಡಿಸ್ಕಿಗೂ ಹಾಕಿಡಬೇಕು, ನಾಳೆ ಹಾಕಿದರಾಯಿತು ಅಂದುಕೊಳ್ಳುತ್ತಲೇ ನಾಲ್ಕು ವರ್ಷ ಕಳೆದವು.

ಹೋದ ದಸರೆಯಲ್ಲಿ ವಿಜಯದಶಮಿಯ ದಿನ ಮಾನ್ವಿಯ ಒಂದು ಹೊಸ ಮನೆಯಲ್ಲಿ ನಮ್ಮ ಭಜನೆಯಿತ್ತು. ಊಟಕ್ಕೆ ಮುಂಚೆ ಹತ್ತು ಪದ. ನಾನು ಕಪ್ಪು ಡಿಸ್ಕನ್ನು ಚುಚ್ಚಿದೆ. ಏನೂ ಕಾಣಲಿಲ್ಲ. ಕಿತ್ತು ಮತ್ತೆ ಚುಚ್ಚಿದೆ. ವೈರ್ ಚುಚ್ಚುವ ಡಿಸ್ಕಿನ ಬಾಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಗಂಧ ಗಟ್ಟಿಯಾಗಿ ಕೂತಿತ್ತು, ಅದಕ್ಕೆ ಕುಂಕುಮ ಅಂಟಿತ್ತು. ಹಿಂದಿನ ದಿನ ಆಯುಧಪೂಜೆಯಲ್ಲಿ ಅತ್ತೆ ಈಳಿಗೆ, ಕತ್ತರಿ, ಹೊಲಿಗೆ ಯಂತ್ರದ ಸಾಲಿನಲ್ಲಿ ಡಬ್ಬಿಯನ್ನೂ ಇಟ್ಟಿದ್ದರು. ಗಂಧ ಹಚ್ಚಲು ಅವರಿಗೆ ಅದರ ಬಾಯೇ ಸರಿಯಾದ ಜಾಗವೆನಿಸಿದೆ. ಸೇಫ್ಟಿ ಪಿನ್ನಿನಿಂದ ಕೆರೆದೆ, ಊದಿದೆ, ಮನಸ್ಸಿನಲ್ಲೇ ಬೈದೆ. ಡಿಸ್ಕು ಹರಕೆ ಹೊತ್ತ ಹಾಗೆ ಬಾಯಿ ಬಿಡಲಿಲ್ಲ. ಜನ ಬಂದು ಕೂತಿದ್ದರು. ಬೇರೆ ದಾರಿ ಕಾಣದೆ ನೀಲಿಯನ್ನು ಚುಚ್ಚಿದೆ. ಶ್ರುತಿ ಇಳಿಸುವ ಕೆಲಸವನ್ನು ಅಲ್ಲಿಯೇ ಮಾಡು ಅಂದರೆ ಆ ಲ್ಯಾಪ್‌ಟಾಪ್ ತುಂಡು ತುಂಡಾಗಿ ನುಡಿಸುತ್ತಿತ್ತು. ಇಳಿಸದೆ, ಮೂಲ ಶ್ರುತಿಯಲ್ಲೇ ಹಚ್ಚಿದೆ.

ಹಾರ್ಮೋನಿಯಂ ಒಂದು ಸುತ್ತು ಬರುವಷ್ಟರಲ್ಲಿ ಅತ್ತೆ ಕೈಯೆತ್ತಿದರು. ಮೈಕಿನ ಮೇಲೆ ಅಂಗೈ ಮುಚ್ಚಿ ನನ್ನ ಕಡೆ ಬಾಗಿದರು.

‘ಇದ್ಯಾರ ಶ್ರುತಿ?’

ನನಗೆ ಸುಳ್ಳು ಹೊಳೆಯಲಿಲ್ಲ. ‘ನಿಮ್ದರೀ ಅತ್ಯಾ. ನಾಲ್ಕು ವರ್ಷದ ಹಿಂದಿಂದು’ ಅಂದೆ.

ಅವರಿಗೆ ಎಲ್ಲ ತಿಳಿಯಿತು. ಮುಖ ಸಣ್ಣದಾದದ್ದನ್ನು ನಾನು ಹತ್ತಿರದಿಂದ ನೋಡಿದೆ. ಇಷ್ಟು ಜನರ ಮುಂದೆ ಅವರ ಹಾಡು ನನ್ನ ಕೈಯಿಂದಲೇ ಮುಗಿಯಿತಲ್ಲ ಅಂದುಕೊಂಡೆ. ‘ಡಬ್ಬಿ ಬಂದ್ ಮಾಡು’ ಅಂದರು. ಮಾಡಿದೆ. ಅವರು ಕಣ್ಣು ಮುಚ್ಚಿ ಕೂತರು. ಮನೆಯೊಡತಿ ನೀರು ತರಲೇ ಎಂದು ಸನ್ನೆ ಮಾಡಿದರು, ನಾನು ಬೇಡವೆಂದೆ. ಆಮೇಲೆ ಅತ್ತೆ ಮೂಗಿನಲ್ಲಿ ಒಂದು ಸ್ವರ ಹಿಡಿದರು. ಅದನ್ನು ಬಿಟ್ಟು ಕೆಳಗಿನದನ್ನು ಹಿಡಿದರು, ಅದನ್ನೂ ಬಿಟ್ಟು ಇನ್ನೂ ಕೆಳಗೆ ಬಂದು ಅಲ್ಲಿ ನಿಂತರು. ಮತ್ತೆ ಬಾಯಿ ತೆರೆದರು.

ಅಷ್ಟು ದಪ್ಪ, ಅಷ್ಟು ನಿರಾಳ ದನಿ ಅವರ ಹತ್ತಿರ ಇದೆಯೆಂದು ನನಗೆ ಗೊತ್ತಿರಲಿಲ್ಲ. ಎರಡನೇ ಸಾಲಿಗೆ ಹಿಂದಿನಿಂದ ಏಳೂ ಜನರ ಧ್ವನಿ ಒಟ್ಟಿಗೆ ನುಗ್ಗಿತು. ಮಂಡಳಿಯಲ್ಲಿ ಇಷ್ಟು ಧ್ವನಿಗಳಿವೆಯೆಂದೂ ಅವತ್ತೇ ತಿಳಿದದ್ದು. ವಾದ್ಯವಿಲ್ಲದೆ, ಚಪ್ಪಾಳೆಯ ತಾಳದಲ್ಲೇ ಹತ್ತೂ ಪದ ಮುಗಿದವು. ಊಟಕ್ಕೆ ಕೂತಾಗ ಮಂಡಳಿಯ ನಿವೃತ್ತ ಟೀಚರು ಹೋಳಿಗೆ ಮುರಿಯುತ್ತ ನನ್ನ ಕಿವಿಯಲ್ಲಿ ಹೇಳಿದರು: ‘ಖರೇ ಹೇಳ್ತೀನಿ, ಯಾರಿಗೂ ಹೇಳಬ್ಯಾಡ. ಎಷ್ಟೋ ವರ್ಷದಿಂದ ನಾ ಮ್ಯಾಲಿನ ಸಾಲಿಗೆ ಬರೇ ತುಟಿ ಆಡಸ್ತಿದ್ದೆ.’

ರಾಯಚೂರಿಗೆ ಮರಳುವಾಗ ಬಿಸಿಲಿನ್ನೂ ಇತ್ತು. ಗಾಡಿಯಲ್ಲಿ ಅತ್ತೆ ನನ್ನ ಪಕ್ಕದಲ್ಲಿಯೇ ಕೂತರು. ಬೈಗುಳಕ್ಕೆ ನಾನು ತಯಾರಾಗಿಯೇ ಇದ್ದೆ.

‘ಎಷ್ಟು ಇಳಿಸಿದ್ದಿ?’ ಅಂದರು, ಕಲ್ಲೂರು ದಾಟಿದ ಮೇಲೆ.

‘ಒಂದು ಮನಿ, ಅತ್ಯಾ.’

‘ಒಂದ?’ ಅವರು ಪೂರ್ತಿ ನನ್ನ ಕಡೆ ತಿರುಗಿದರು. ‘ಮ್ಯಾಲಿನ ಸಾ ಹಿಡಿಯೂಮುಂದ ಕಣ್ಣಿಗೆ ಕತ್ತಲಿ ಬರ್ತಿತ್ತು. ಹಂಗ ಹಲ್ಲು ಕಚ್ಚಿ ಹಾಡ್ಲಿಕತ್ತಿದ್ದೆ. ನಾನ ಇಳಿಸೂದಿಲ್ಲ ಅಂದವಳು, ಈಗ ಯಾ ಬಾಯಿಲೆ ಇಳಿಸು ಅನ್ನಲಿ ಅಂತ ಸುಮ್ನಿದ್ದೆ.’

ನಾಲ್ಕು ವರ್ಷ ಅವರ ಹಾಡನ್ನು ನಾನು ಕಾಯುತ್ತಿದ್ದೇನೆಂದು ಬೀಗಿದ್ದೆ. ಅವರು ಪಕ್ಕದಲ್ಲೇ ಹಲ್ಲು ಕಚ್ಚಿದ್ದು ನನಗೆ ಕಾಣಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು. ‘ತಪ್ಪಾತ್ರಿ’ ಅಂದೆ.

‘ತಪ್ಪ ಮತ್ತ’ ಎಂದು ಅವರು ನನ್ನ ಮೊಣಕೈ ಹಿಡಿದುಕೊಂಡರು. ‘ಇನ್ನೊಮ್ಮೆ ನಂಗ ಮೋಸ ಮಾಡೂದಿದ್ರ, ಮೊದಲು ನನ್ನ ಒಂದು ಮಾತು ಕೇಳು. ಮೂರು ಇಳಿಸು ಅಂತಿದ್ದೆ.’