ರಾಗಿ ಕೇರುವ ಅವ್ವನ ಮೂಗು

ಸಿದ್ದಪ್ಪ, ಅವ್ವನ ವಿಗ್ರಹದ ಮೂಗು ತಂತಾನೇ ಉದುರಲಿಲ್ಲ. ನಾನೇ ಒಡೆದೆ. ನಿನ್ನ ಒಡಹುಟ್ಟಿದ ಅಕ್ಕ — ಅಡುಗೆಮನೆಯ ಗುಂಡುಕಲ್ಲಿನಿಂದ, ಹಾಡುಹಗಲಲ್ಲಿ.

ಇಷ್ಟು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಕ್ಷರ ಸೊಟ್ಟಗಿದ್ದರೆ — ಇರಲಿ.

ನಾವು ಮೊದಲ ಸಲ ವೋಟು ಹಾಕಿದ ಮರುವರ್ಷ ಅದು. ಹುಣಸೂರಿನ ಮೇಷ್ಟ್ರು ಸುತ್ತಲ ನಾಲ್ಕು ತಾಲ್ಲೂಕಿನ ಶಿಲ್ಪಿಗಳನ್ನು ಸೇರಿಸಿ ಸಂಘ ಕಟ್ಟಿದ್ದರು. ದೇವರ ವಿಗ್ರಹಕ್ಕೆ ಕೈಮುಗಿಯುವ ಜನ ಮನುಷ್ಯರ ವಿಗ್ರಹವನ್ನೂ ನಿಂತು ನೋಡುವಂತಾಗಬೇಕು ಎಂಬುದು ಅವರ ಹಟ. ಒಕ್ಕಲು ಮನೆಯವನ ಕೈಗೆ ಉಳಿ ಯಾಕೆ ಎಂದು ನೆಂಟರೆಲ್ಲ ಆಡಿಕೊಂಡರೂ ಅವರು ನಿನ್ನ ಕೈ ಬಿಡಲಿಲ್ಲ. ನೀನು ಹೆಗ್ಗಡದೇವನಕೋಟೆ ಕಡೆಯ ಕಪ್ಪುಕಲ್ಲುಗಳನ್ನು ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಗಂಟೆಯ ಹಾಗೆ ನುಡಿದದ್ದನ್ನೇ ಆರಿಸಿ ತಂದೆ. ಐದು ತಿಂಗಳಲ್ಲಿ ಅದರೊಳಗಿಂದ ಅವ್ವ ಎದ್ದು ಕೂತಳು — ಮೊರದಲ್ಲಿ ರಾಗಿ ಕೇರುತ್ತ, ಹೊಟ್ಟು ಊದಲು ಕೆನ್ನೆ ಉಬ್ಬಿಸಿಕೊಂಡು.

ಅವ್ವ ಅದನ್ನು ನೋಡಿ, "ನನ್ ಗಲ್ಲ ಇಷ್ಟು ದಪ್ಪ ಐತೇನ್ಲಾ? ಉಂಡೋರು ನೀವು, ಊದ್ಕಂಡೋಳು ನಾನಾ?" ಎಂದು ನಕ್ಕಳು. ಅಂಥ ಕೈ ನಮ್ಮ ಮನೆಯಲ್ಲಿ ಹುಟ್ಟಿತಲ್ಲ ಎಂದು ನಾನು ಕೇರಿಗೆಲ್ಲ ಹೇಳಿಕೊಂಡು ಬಂದೆ.

ಸಂಘದ ಪ್ರದರ್ಶನಕ್ಕೆ ನಾಲ್ಕು ದಿನವಿದ್ದಾಗ ಅವ್ವನಿಗೆ ಜ್ವರ ಹಿಡಿಯಿತು. ಕಣ್ಣೇ ಬಿಡಲಿಲ್ಲ. ಸೋದರತ್ತೆ ಹಾಸಿಗೆಯ ಪಕ್ಕ ಕೂತು ನನ್ನ ಕಿವಿಯಲ್ಲಿ ಹೇಳಿದಳು: "ಸತ್ತೋರ್ಗೆ ಕಲ್ ನಿಲ್ಸೋದು ಕಣವ್ವ. ನಿನ್ ತಮ್ಮ ಬದ್ಕಿರೋಳ್ನ ಕಲ್ಗೆ ಇಳ್ಸವ್ನೆ. ಜೀವ ಅತ್ಲಾಗೋಯ್ತಾ ಐತೆ."

ಭಿನ್ನವಾದ ವಿಗ್ರಹದಲ್ಲಿ ದೇವರೇ ನಿಲ್ಲುವುದಿಲ್ಲ ಎಂದು ನಾವು ಹುಟ್ಟಿದಾಗಿನಿಂದ ಕೇಳಿದವರು. ಒಡೆದರೆ ಅವ್ವನ ಜೀವವೂ ಅಲ್ಲಿ ನಿಲ್ಲದೆ ಮೈಗೆ ಮರಳೀತು — ಹೀಗೆ ಅಂದುಕೊಂಡೆ. ನೀನು ಗಾಡಿ ಗೊತ್ತು ಮಾಡಲು ಹೋಗಿದ್ದೆ. ಒಂದೇ ಏಟು. ಚೂರನ್ನು ಗುಡಿಸಿ ತಿಪ್ಪೆಗೆ ಎಸೆದೆ.

ಏಟು ಹಾಕಿದ್ದು ಹೆದರಿಕೆಯಿಂದ ಅನ್ನಬಹುದು. ಆಮೇಲೆ ಆಡಿದ ಮಾತಿಗೆ ಆ ನೆಪವೂ ಇಲ್ಲ. ನೀನು ಬಂದು ಕೇಳಿದಾಗ, "ಬಿಸ್ಲಿಗೆ ತಂತಾನೇ ಉದ್ರೋಯ್ತು ಕಣಪ್ಪ" ಅಂದೆ. ನೀನು ನಂಬಿದೆ — ಅಕ್ಕ ಸುಳ್ಳು ಹೇಳಿಯಾಳು ಎಂದು ನಿನಗೆ ಹೊಳೆಯಲೇ ಇಲ್ಲ. ಕಲ್ಲನ್ನು ಸುತ್ತಲೂ ತಟ್ಟಿ ತಟ್ಟಿ ನೋಡಿ, "ಒಳ್ಗೆ ಬಿರುಕಿತ್ತು ಕಣಕ್ಕ. ನನ್ ಕಿವೀಗೆ ಗೊತ್ತಾಗ್ನಿಲ್ಲ" ಎಂದೆ.

ನಾನು ಅವ್ವನ ಹಣೆಗೆ ಒದ್ದೆಬಟ್ಟೆ ಹಾಕಲು ಒಳಗೆ ಹೋದೆ.

ಎರಡೇ ದಿನಕ್ಕೆ ಆಸ್ಪತ್ರೆಯ ಔಷಧಿಯಿಂದ ಅವ್ವ ಎದ್ದಳು. ಮೇಷ್ಟ್ರು ವಿಗ್ರಹವನ್ನು ಇದ್ದ ಹಾಗೇ ಪ್ರದರ್ಶನದಲ್ಲಿ ಇರಿಸಿದರು. ಪಿರಿಯಾಪಟ್ಟಣದಿಂದ, ಕೆ.ಆರ್. ನಗರದಿಂದ ಬಂದ ಹೆಂಗಸರು ಅದರ ಮುಂದೆ ನಿಂತು, ತಮಗೇ ತಿಳಿಯದೆ ತಾವೂ ಕೆನ್ನೆ ಉಬ್ಬಿಸುತ್ತಿದ್ದರು. ಮೂಗಿಲ್ಲದ್ದು ಯಾರಿಗೂ ಕಾಣಲಿಲ್ಲವೇನೋ ಅನ್ನುವಂತೆ ನೋಡಿದರು. ಅದನ್ನು ಕಂಡು ನಾನು ಹಿಗ್ಗಿದೆ, ಇವತ್ತು ನೆನೆದರೂ ಹಿಗ್ಗುತ್ತೇನೆ — ಹಿಗ್ಗಲು ನನಗೆ ಹಕ್ಕಿಲ್ಲದಿದ್ದರೂ. ನೀನು ಮಾತ್ರ ಒಳಗೆ ಕಾಲಿಡಲಿಲ್ಲ. ಸಂಘದವರು ಆಳೆತ್ತರದ ವಿಗ್ರಹವೊಂದನ್ನು ಮಾಡಿಕೊಡು ಅಂದಾಗ ಬೇಡವೆಂದೆ. ಅಂದಿನಿಂದ ಕಲ್ಲು ಆರಿಸಲು ಯಾವಾಗಲೂ ಬೇರೆಯವರನ್ನು ಕರೆದೊಯ್ಯುತ್ತೀಯೆ.

ಈಗ ಆ ಸಂಘದಲ್ಲಿ ಕಲಿಸುವವನು ನೀನು. ನಾಲ್ಕು ತಾಲ್ಲೂಕಿನಲ್ಲಿ ನಿನ್ನ ಹೆಸರು ಹೇಳಿದರೆ ನನಗೆ ಕೂರಲು ಮಣೆ ಹಾಕುತ್ತಾರೆ. ಹೋದ ವಾರ ನಿನ್ನ ಪಾಠವನ್ನು ಬಾಗಿಲಲ್ಲಿ ನಿಂತು ಕೇಳಿದೆ. ಅವ್ವನ ಕಲ್ಲನ್ನು ಆರಿಸುವಾಗ ನಿನ್ನ ಕಿವಿ ಮೋಸ ಹೋದದ್ದನ್ನು ನೀನು ಕಲಿಯುವವರಿಗೆ ಹೇಳುತ್ತಿದ್ದೆ. ಅವರು ನಕ್ಕರು, ನೀನೂ ನಕ್ಕೆ. ನಾನು ಒಳಗೆ ಬರದೆ ಬಸ್ಸು ಹತ್ತಿ ವಾಪಸಾದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಬರುವ ಪಾಠದ ದಿನ ಅದೇ ಬಾಗಿಲಿಗೆ ಬರುತ್ತೇನೆ, ಈ ಸಲ ಒಳಗೆ ಬಂದು ಅವರೆಲ್ಲರ ಮುಂದೆ ನಿಂತು ಹೇಳುತ್ತೇನೆ. ನನ್ನನ್ನು ತಡೆಯಬೇಡ. ಅದಾದ ಮೇಲೆ ನೀನು ಕಲ್ಲು ಆರಿಸಲು ಹೆಗ್ಗಡದೇವನಕೋಟೆಯ ಕಡೆ ಹೋಗು, ಸಿದ್ದಪ್ಪ. ಯಾರನ್ನೂ ಜೊತೆಗೆ ಕರೆಯಬೇಡ — ಒಬ್ಬನೇ ಹೋಗು.