ವೆಲ್ಯೋನ ಮಾತ್ರೆಯ ಹೊತ್ತು

ರೊದೋಪೆ ಬೆಟ್ಟದ ಕುರುಬ ವೆಲ್ಯೋ ಕತ್ತರಿ ಹಿಡಿದನೆಂದರೆ ಉಣ್ಣೆ ಹೋದದ್ದು ಕುರಿಗೇ ತಿಳಿಯುತ್ತಿರಲಿಲ್ಲ. ದಿನಕ್ಕೆ ನಲವತ್ತು ಕುರಿ ಬೋಳಿಸಿದರೂ ಒಂದರ ಮೈಮೇಲೂ ರಕ್ತದ ಚುಕ್ಕೆ ಇಲ್ಲ. ದೋನ್ಕಾ ಮೆಚ್ಚಿ ಮದುವೆಯಾದದ್ದೇ ಆ ಕೈ ನೋಡಿ. ಜಡೆ ಜೋಪಾನ ಕಣೇ, ಮಲಗಿದಾಗ ಕತ್ತರಿಸಿಯಾನು ಎಂದು ಅವಳ ಅತ್ತಿಗೆಯರು ಗೇಲಿ ಮಾಡಿದ್ದರು.

ಅರವತ್ತು ದಾಟುತ್ತಲೇ ಅದೇ ಕೈ ನಡುಗತೊಡಗಿತು. ಹೆಜ್ಜೆ ಕಿರಿದಾಯಿತು. ಮುಖದ ನಗು ಎಲ್ಲೋ ಹೋಯಿತು. ಹೊಸ್ತಿಲಿಗೆ ಬಂದರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದ. ರಾಕಿಯಾ ಕುಡಿತ ಜಾಸ್ತಿಯಾಗಿದೆ ಎಂದು ಊರು ಆಡಿಕೊಂಡಿತು. ಪೇಟೆಯ ಡಾಕ್ಟರು ಪಾರ್ಕಿನ್ಸನ್ ಕಾಯಿಲೆ ಎಂದು ಹೇಳಿ, ದಿನಕ್ಕೆ ಮೂರು ಮಾತ್ರೆ ಬರೆದುಕೊಟ್ಟರು.

ಆ ಬೆಟ್ಟದಲ್ಲಿ ಮಗುವಿಗಾಗಲಿ ಮುದುಕರಿಗಾಗಲಿ ಔಷಧ ಕೊಡುವುದು ಮೊಸರಿನಲ್ಲೇ. ಬರೀ ನೀರಲ್ಲಿ ಕೊಟ್ಟರೆ, ಮನೆಯಲ್ಲಿ ಕುರಿ ಸತ್ತುಹೋದವೇ ಎಂದು ನೆರೆಯವರು ಕೇಳಿಯಾರು. ದೋನ್ಕಾ ಗಟ್ಟಿ ಮೊಸರಿನೊಳಗೆ ಮಾತ್ರೆ ಇಟ್ಟು ತಾನೇ ತಿನ್ನಿಸುತ್ತಿದ್ದಳು. ಗುಣ ಕಾಣದಾಗ ಇನ್ನೊಂದು ಬಟ್ಟಲು ಹೆಚ್ಚು ಹಾಕಿದಳು. ಎರಡು ವರ್ಷದಲ್ಲಿ ಅವನು ಹಾಸಿಗೆ ಹಿಡಿದ. ಎತ್ತಿ ಕೂರಿಸುವ ಬಲ ಅವಳಿಗೂ ಉಳಿಯಲಿಲ್ಲ. ಕೊನೆಗೆ ಅವನ ತಂಗಿ ಸೆವ್ದಾ ವೃದ್ಧಾಶ್ರಮದಲ್ಲಿ ಜಾಗ ಗೊತ್ತುಮಾಡಿದಳು. ಬರುವ ಭಾನುವಾರ ಬಿಟ್ಟುಬರುವುದೆಂದಾಯಿತು.

ಅಲ್ಲಿಗೆ ಕೊಡಬೇಕಾದ ಡಾಕ್ಟರ ಕಾಗದಕ್ಕೆಂದು ದೋನ್ಕಾ ಅವನನ್ನು ಗಾಡಿಯಲ್ಲಿ ಪ್ಲೋವ್ದಿವ್ ನಗರದ ಆಸ್ಪತ್ರೆಗೆ ಕರೆದೊಯ್ದಳು. ಈ ಕಾಯಿಲೆಯವರನ್ನೇ ನೋಡಿಕೊಳ್ಳುವ ನರ್ಸೊಬ್ಬಳು ಅಲ್ಲಿದ್ದಳು. ಅಷ್ಟು ವರ್ಷದಲ್ಲಿ ಯಾರೂ ಕೇಳದ್ದನ್ನು ಅವಳು ಕೇಳಿದಳು.

"ಮಾತ್ರೆ ಯಾವುದರ ಜೊತೆ ಕೊಡ್ತೀರಜ್ಜಿ?"

"ಇದೇನು ಕೇಳ್ತೀಯ ಮಗಳೇ? ಮೊಸರಲ್ಲಿ. ನಮ್ಮ ಕುರೀದೇ."

ನರ್ಸ್ ಬರೆಯುವುದನ್ನು ನಿಲ್ಲಿಸಿ ಅವಳ ಕೈ ಹಿಡಿದುಕೊಂಡಳು. ಮೊಸರು, ಮಾಂಸದಂಥವು ಈ ಔಷಧವನ್ನು ಮೈಗೆ ಹತ್ತಗೊಡುವುದಿಲ್ಲ, ಊಟಕ್ಕೆ ಮುಕ್ಕಾಲು ಗಂಟೆ ಮುಂಚೆ ನೀರಲ್ಲಿ, ಗಡಿಯಾರ ನೋಡಿ ಕೊಡಬೇಕು ಎಂದು ಮೆಲ್ಲಗೆ ಬಿಡಿಸಿ ಹೇಳಿದಳು.

ದೋನ್ಕಾ ಗಂಡನ ಕಡೆ ತಿರುಗಿದಳು. "ಹಾಗಾದ್ರೆ ಇವರನ್ನ ಮಲಗಿಸಿದ್ದು ನಾನೇ," ಎಂದಳು.

ವೆಲ್ಯೋ ತುಟಿ ಅಲ್ಲಾಡಿಸಿದ. ದನಿ ಕೇಳಲು ಅವಳು ಬಗ್ಗಬೇಕಾಯಿತು.

"ಮೊಸರು ಚೆನ್ನಾಗಿತ್ತು ಕಣೇ."

ನರ್ಸ್ ಅಲ್ಲಿನ ಡಾಕ್ಟರಿಗೆ ಹೇಳಿ ಅವರನ್ನು ಒಂಬತ್ತು ದಿನ ಅಲ್ಲೇ ಉಳಿಸಿಕೊಂಡಳು. ಐದನೆಯ ದಿನ ಅವನು ತಾನಾಗಿ ಎದ್ದು ಕೂತ. ನರ್ಸ್ ನೆಲದ ಮೇಲೆ ಗೆರೆ ಎಳೆದು, ಅದನ್ನು ದಾಟುತ್ತ ನಡೆಯುವುದನ್ನು ಕಲಿಸಿದಳು. ನಡುಕ ಹೋಗಲಿಲ್ಲ, ಹೋಗುತ್ತದೆಂದು ಅವಳು ಹೇಳಲೂ ಇಲ್ಲ. ಭಾನುವಾರ ಸೆವ್ದಾ ಫೋನು ಮಾಡಿದಳು. ಆ ಜಾಗ ಬೇರೆ ಯಾರಿಗಾದರೂ ಆಗಲಿ ಎಂದಳು ದೋನ್ಕಾ.

ಆಮೇಲೆ ನಾಲ್ಕು ವರ್ಷ ಅವನು ಮನೆಯಲ್ಲೇ ಇದ್ದ. ಬೆಳಿಗ್ಗೆ ಹಟ್ಟಿಯವರೆಗೆ ಒಬ್ಬನೇ ನಡೆಯುತ್ತಿದ್ದ. ಅವಳು ಎರಡು ಹೆಜ್ಜೆ ಹಿಂದೆ, ಕೈ ಹಿಡಿಯದೆ, ಬಿದ್ದರೆ ಹಿಡಿಯುವಷ್ಟು ಹತ್ತಿರ.